ಪಾತಾಳಕ್ಕೂ ಖಾತಾ ಉಂಟೇ?

ನಮ್ಮ ಬಡಾವಣೆಯಲ್ಲಿ ಮೂವತ್ತು–ನಲವತ್ತರ ಸೈಟು ಕೊಂಡವರಿಗೆಲ್ಲ ಒಂದೇ ನಂಬಿಕೆ: ಕ್ರಯಪತ್ರ ಮೇಲೆ ಆಕಾಶದವರೆಗೆ, ಕೆಳಗೆ ಪಾತಾಳದವರೆಗೆ. ಆಕಾಶದ ಪಾಲನ್ನು ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ವಸೂಲಿ ಮಾಡಿಕೊಂಡೆವು. ಪಾತಾಳದ ಪಾಲಿಗೆ ಬೋರ್‌ವೆಲ್ ಲಾರಿ ಕರೆಸಿದೆವು.

ಮೊದಲು ಪಾಯಿಂಟ್ ನೋಡುವವರು ಬಂದರು. ಅವರ ಅಂಗೈ ಮೇಲಿನ ತೆಂಗಿನಕಾಯಿ ಗೇಟಿನ ಪಕ್ಕ ನೆಟ್ಟಗೆ ನಿಂತಿತು. ‘ಗಂಗಮ್ಮ ಹರೀತಾ ಇದಾಳೆ ಸಾರ್, ಮೂರಿಂಚು ಗ್ಯಾರಂಟಿ.’ ಲಾರಿ ನಿಲ್ಲಲು ಜಾಗವಿದ್ದದ್ದೂ ಅಲ್ಲೊಂದೇ. ತೆಂಗಿನಕಾಯಿಗೆ ವ್ಯವಹಾರಜ್ಞಾನ ಇರಬೇಕು.

ಬೆಂಗಳೂರಿನ ಕೆಳಗೆ ಯಾವ ಗಂಗಮ್ಮನೂ ಹರಿಯುತ್ತಿಲ್ಲ. ಇರುವುದು ‘ನೈಸ್’ (gneiss) ಎಂಬ ಗಟ್ಟಿ ಶಿಲೆ, ಗ್ರಾನೈಟು. ಅದರ ಮೇಲಿನ ಮಣ್ಣು, ಶಿಥಿಲವಾದ ಕಲ್ಲು ಮಳೆನೀರು ಹೀರಿ ಇಟ್ಟುಕೊಳ್ಳುತ್ತವೆ. ಅಜ್ಜನ ಬಾವಿಗೆ ಅಷ್ಟು ಸಾಕಿತ್ತು. ಇನ್ನೂ ಕೆಳಗೆ ಹೋದರೆ ಬರೀ ಬಿರುಕು. ನೀರು ಸಿಕ್ಕರೆ ಆ ಬಿರುಕಿನಲ್ಲೇ ಸಿಗಬೇಕು. ಬಿರುಕೋ, ನನ್ನ ಕಾಂಪೌಂಡಿನಡಿ ಶುರುವಾಗಿ ಪಕ್ಕದ ರಾಯರ ದೇವರಮನೆಯಡಿ ನುಸುಳುತ್ತದೆ. ಎ ಖಾತಾ, ಬಿ ಖಾತಾ ಎಂಬ ಭೇದ ಅದಕ್ಕಿಲ್ಲ. ನಾನು 800 ಅಡಿ ಕೊರೆಸಿದ ತಿಂಗಳಿಗೆ ರಾಯರ 600 ಅಡಿಯ ಬೋರು ಗೊರಗೊರ ಅಂದಿತು. ರಾಯರು ಬಿಟ್ಟಾರೆಯೇ? 1,200 ಅಡಿ. ಈಗ ನನ್ನದು ಗೊರಗೊರ. ಬೋರ್ ಏಜೆಂಟು ಯುಗಾದಿಗೆ ಇಬ್ಬರ ಮನೆಗೂ ಸ್ವೀಟ್ ಬಾಕ್ಸ್ ಕಳಿಸಿದ.

ಮಳೆನೀರು ಕೊಯ್ಲು 2009ರಿಂದಲೇ ಕಡ್ಡಾಯ. ನಾವು ಕಾನೂನು ಮೀರುವವರಲ್ಲ. ತಾರಸಿಯಿಂದ ಪೈಪು ಇಳಿದಿದೆ, ಫೋಟೊ ತೆಗೆಸಿದ್ದೂ ಆಗಿದೆ. ಪೈಪಿನ ಇನ್ನೊಂದು ತುದಿ ಮಾತ್ರ ಮೋರಿಯಲ್ಲಿದೆ. ಇಂಗುಗುಂಡಿ ತೋಡಬೇಕಾದ ಜಾಗದಲ್ಲಿ ಕಾರು ನಿಂತಿದೆ, ಅಂಗಳಕ್ಕೆ ಟೈಲ್ಸ್ ಬಿದ್ದಿದೆ. ನಮ್ಮನ್ನೇ ಏಕೆ ಬೈಯಬೇಕು? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದ ಊರಿದು. ಅಲ್ಲೀಗ ನೀರು ಇಂಗುವುದಿಲ್ಲ, ಜನ ಇಂಗುತ್ತಾರೆ.

2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು ಜಲಮಂಡಳಿ. ‘ಇದು ಕುಡಿಯೋ ನೀರಲ್ಲ, ಟ್ಯಾಂಕರ್ ನೀರು’ ಎನ್ನುತ್ತ ರಾಯರು ಕಾರು ತೊಳೆದರು. ಟ್ಯಾಂಕರಿಗೆ ನೀರು ಬಂದದ್ದು ಊರಾಚೆಯ ಯಾರದೋ ತೋಟದ ಬೋರಿನಿಂದ.

ಕೊನೆಗೂ ಒಂದು ಸಂಜೆ ಮಳೆ ಹುಯ್ಯಿತು. ಬೀದಿಯಲ್ಲಿ ಮೊಣಕಾಲುದ್ದ ನೀರು. ಅದನ್ನು ಸೀಳಿಕೊಂಡು ಬಂದ ಟ್ಯಾಂಕರಿಗೆ ರಾಯರು ಕೊಡೆ ಹಿಡಿದು ನಿಂತು, ‘ಸಂಪು ಈ ಕಡೆ, ಈ ಕಡೆ’ ಎಂದು ಕೈ ಬೀಸುತ್ತಿದ್ದರು.