ಸತ್ಯಾಂಶ: 5ಜಿ ಇಲ್ಲದ ಹೊಲಕ್ಕೂ ಕೃತಕ ಬುದ್ಧಿಮತ್ತೆ ಒದಗುತ್ತದೆ

‘5ಜಿ ಟವರ್ ಇಲ್ಲದ ಕಡೆ ಕೃಷಿಗೆ ಕೃತಕ ಬುದ್ಧಿಮತ್ತೆಯಿಂದ ಪ್ರಯೋಜನವಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಕೃತಕ ಬುದ್ಧಿಮತ್ತೆಗೆ ಬೇಕಾದ ಮಾಹಿತಿಗಾಗಿ ಮಣ್ಣಿನ ತೇವಾಂಶ ಅಳೆಯುವ ಸಂವೇದಕ (ಸೆನ್ಸರ್) ಒಮ್ಮೆಗೆ ಕಳುಹಿಸುವುದು ಕೆಲವೇ ಬೈಟ್‌ಗಳಷ್ಟು ಮಾಹಿತಿ. ಒಂದು ಎಸ್‌ಎಂಎಸ್‌ಗಿಂತಲೂ ಕಡಿಮೆ. ಅದಕ್ಕೆ ಲೋರಾದಂತಹ ನಿಧಾನಗತಿಯ ರೇಡಿಯೊ ಜಾಲ ಧಾರಾಳವಾಗಿ ಸಾಕು. ಬಯಲಿನಲ್ಲಿ ಅದು ಹಲವು ಕಿಲೋಮೀಟರ್ ದೂರ ತಲುಪುತ್ತದೆ, ಬ್ಯಾಟರಿಯೂ ವರ್ಷಗಟ್ಟಲೆ ಬಾಳುತ್ತದೆ. ಮರಗೆಣಸಿನ ಎಲೆಗೆ ಕ್ಯಾಮೆರಾ ಹಿಡಿದರೆ ರೋಗ ಗುರುತಿಸುವ ‘ಪ್ಲಾಂಟ್‌ವಿಲೇಜ್ ನುರು’ ಆ್ಯಪ್‌ಗಂತೂ ಆ ಹೊತ್ತಿನಲ್ಲಿ ಇಂಟರ್ನೆಟ್ಟೇ ಬೇಡ. ಲೆಕ್ಕಾಚಾರವೆಲ್ಲ ಫೋನಿನೊಳಗೇ ನಡೆಯುತ್ತದೆ. ರೈತರಿಗೆ ಇದು ಗೊತ್ತಿರಲೇಬೇಕು.

ಹಾಗೆಂದು 5ಜಿ ವ್ಯರ್ಥವಲ್ಲ. ಡ್ರೋನ್ ಹಾರುತ್ತಿರುವಾಗಲೇ ಸ್ಪಷ್ಟ ವಿಡಿಯೊ ರವಾನಿಸಲು, ಚಾಲಕನಿಲ್ಲದ ಟ್ರ್ಯಾಕ್ಟರನ್ನು ದೂರದಿಂದ ನಿಯಂತ್ರಿಸಲು ವೇಗದ ಜಾಲ ಬೇಕು. ಉಪಕರಣ ಕೊಳ್ಳುವ ಮುನ್ನ, ಅದು ಎಷ್ಟು ಮಾಹಿತಿಯನ್ನು ಎಷ್ಟು ಬೇಗ ಕಳುಹಿಸಬೇಕು ಎಂದು ಮಾರುವವರನ್ನು ಕೇಳಿ.