ಲಟಕ್ ಅನ್ನಿಸುವ ಮುಂಚೆ

ದಾವಣಗೆರೆಯಲ್ಲಿ ಸೊಂಟನೋವಿಗೆ ಬರವಿಲ್ಲ. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರು, ಮಂಡಕ್ಕಿ ಭಟ್ಟಿ ಮುಂದೆ ಬಗ್ಗಿಯೇ ದಿನ ಕಳೆಯುವವರು, ಚನ್ನಗಿರಿ ಕಡೆ ಅಡಿಕೆ ಸುಲಿಯಲು ಕೂರುವ ಹೆಣ್ಮಕ್ಕಳು, ಎಲ್ಲರದ್ದೂ ಒಂದೇ ದೂರು. ಉಳುಕು ತೆಗೆಯುವವರು, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ನಂಬಿಕೆ, ಕಟಿಂಗ್ ಮುಗಿದ ಮೇಲೆ ಕ್ಷೌರದಂಗಡಿಯಲ್ಲಿ ಕತ್ತು ಲಟಕ್ ಅನ್ನಿಸುವುದು, ಇವೆಲ್ಲ ಹಳೆಯವು. ಈಗ ಆ ಸಾಲಿಗೆ ಕೈರೋಪ್ರಾಕ್ಟಿಕ್, ಅಂದರೆ ಬೆನ್ನು ಕತ್ತಿನ ಕೀಲುಗಳನ್ನು ಕೈಯಿಂದ ತಟ್ಟನೆ ಒತ್ತಿ ತಿರುಗಿಸಿ ಝಾಡಿಸುವ ಚಿಕಿತ್ಸೆ, ಬಂದಿದೆ. ರೀಲ್ಸ್‌ನಲ್ಲಿ ಕತ್ತಿನ ಹತ್ತಿರ ಮೈಕ್ ಇಟ್ಟು ಸದ್ದು ಕೇಳಿಸುತ್ತಾರೆ, ಗದ್ದಕ್ಕೆ ಪಟ್ಟಿ ಕಟ್ಟಿ ತಲೆ ಜಗ್ಗುತ್ತಾರೆ, ಕೆಳಗೆ ‘ಡಿಸ್ಕ್ ವಾಪಸ್ ಕೂರಿತು’ ಅಂತ ಬರೆದಿರುತ್ತಾರೆ.

ಡಿಸ್ಕ್ ಅಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ, ಅದು ಹಾಗೆ ಕೂರುವುದಿಲ್ಲ. ಕೀಲು ತಟ್ಟನೆ ಅಗಲವಾದಾಗ ಒಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಏಳುತ್ತದೆ, ಸದ್ದು ಅದರದ್ದು. ಬೆರಳಿನ ನೆಟಿಗೆ ಮುರಿದಾಗ ಆಗುವುದೂ ಅದೇ. ಅದೇ ಕೀಲು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಸದ್ದು ಬಂದಾಕ್ಷಣ ಮೂಳೆ ಜಾಗಕ್ಕೆ ಬಂತು ಅನ್ನುವುದಕ್ಕೆ ಆಧಾರವಿಲ್ಲ. ನೋವು ಒಂದಿಷ್ಟು ಹಗುರಾಗುವುದು ಮಾತ್ರ ನಿಜ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಸೊಂಟನೋವಿಗೆ ಕೈಚಿಕಿತ್ಸೆಯನ್ನು ಒಪ್ಪುತ್ತದೆ, ಆದರೆ ವ್ಯಾಯಾಮದ ಜೊತೆಗೆ ಮಾತ್ರ. ಹಾಗಾಗಿ ಇದನ್ನು ನಿಷೇಧಿಸಿ ಅಂತ ನಾನು ಹೇಳುತ್ತಿಲ್ಲ. ಯಾರ ಬೆನ್ನು ಮುಟ್ಟಬಾರದು ಅಂತ ಗೊತ್ತಿಲ್ಲದವರ ಕೈಗೆ ಇದು ಸಿಗಬಾರದು, ಅಷ್ಟೇ.

ನನ್ನ ಮೊದಲ ಚಿಂತೆ ಕತ್ತಿನದ್ದು. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಆರನೇ ಮಣಿಯಿಂದ ಮೇಲಕ್ಕೆ ಮೂಳೆಯ ತೂತುಗಳ ಒಳಗಿಂದಲೇ ಹಾದು, ತಲೆಬುರುಡೆಯ ಬುಡದಲ್ಲಿ ಒಂದು ಸುತ್ತು ಹಾಕಿ ಒಳಗೆ ಹೋಗುತ್ತವೆ. ತಲೆಯನ್ನು ಪೂರ್ತಿ ತಿರುಗಿಸಿ ಝಾಡಿಸಿದಾಗ ಎಳೆತ ಬೀಳುವುದು ಅಲ್ಲೇ. ನಾಳದ ಒಳಪದರ ಹರಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಇದು ಅಪರೂಪ. ಝಾಡಿಸಿದ್ದರಿಂದಲೇ ಹರಿಯಿತೋ, ಆಗಲೇ ಹರಿಯುತ್ತಿದ್ದ ನಾಳದ ನೋವಿಗೇ ರೋಗಿ ಚಿಕಿತ್ಸೆಗೆ ಬಂದಿದ್ದನೋ ಅನ್ನುವ ವಾದವೂ ಇನ್ನೂ ಮುಗಿದಿಲ್ಲ. ಯಾವುದೇ ಆದರೂ ಮಾಡಬೇಕಾದ್ದು ಒಂದೇ: ಹಿಂದೆಂದೂ ಬಾರದಂಥ ಕತ್ತುನೋವು ಅಥವಾ ತಲೆನೋವು ದಿಢೀರನೆ ಶುರುವಾಗಿದ್ದರೆ, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಜೋಮು ಹಿಡಿಯುವುದು ಇದ್ದರೆ, ಕತ್ತು ಮುಟ್ಟದೆ ಆಸ್ಪತ್ರೆಗೆ ಕಳಿಸಬೇಕು.

ಸೊಂಟದಲ್ಲಿ ನಮ್ಮ ಕಡೆ ಮರೆಯಬಾರದ್ದು ಬೆನ್ನುಮೂಳೆಯ ಕ್ಷಯ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಮೊದಲು ಎಕ್ಸ್‌ರೇ ಮತ್ತು ರಕ್ತಪರೀಕ್ಷೆ, ಬೇಕಾದರೆ ಎಂಆರ್‌ಐ. ಕೊಳೆತ ಮಣಿಯ ಮೇಲೆ ಜೋರು ಹಾಕಿದರೆ ಅದು ಕುಸಿದು ಬೆನ್ನುಹುರಿಯನ್ನು ಒತ್ತಬಹುದು. ಮುಟ್ಟು ನಿಂತ ಮೇಲೆ ಮೂಳೆ ಸವೆದ ಹೆಂಗಸರು, ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡವರು, ಹಿಂದೆ ಕ್ಯಾನ್ಸರ್ ಆದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಸಂಧಿವಾತದಿಂದ ಕತ್ತಿನ ಮೇಲಿನ ಕೀಲು ಸಡಿಲವಾದವರು, ಇವರೆಲ್ಲರಿಗೂ ಝಾಡಿಸುವ ಚಿಕಿತ್ಸೆ ಬೇಡ. ಮೂತ್ರ ಕಟ್ಟಿಕೊಂಡಿದ್ದರೆ, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ಹೋಗಿದ್ದರೆ ಅದು ತುರ್ತು ಶಸ್ತ್ರಚಿಕಿತ್ಸೆಯ ವಿಷಯ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಇಷ್ಟನ್ನು ಕೇಳಿ, ಬಿಪಿ ನೋಡಿ, ಮೊಣಕಾಲು ಮತ್ತು ಹಿಮ್ಮಡಿಗೆ ಸುತ್ತಿಗೆ ತಟ್ಟಿ, ಕಾಲು ನೇರ ಎತ್ತಿಸಿ, ಕಾಲಿನ ಹೆಬ್ಬೆರಳಿನ ಬಲ ಪರೀಕ್ಷಿಸಲು ಕಾಲು ಗಂಟೆಯಾದರೂ ಬೇಕು. ಕ್ಯೂನಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೆ ಮೂರು ನಿಮಿಷ ಕೊಡುವ ಕಡೆ ಇದು ಆಗದ ಮಾತು.

ಈ ವಿದ್ಯೆ ಅಮೆರಿಕದಲ್ಲಿ 1895ರಲ್ಲಿ ಹುಟ್ಟಿದ್ದು. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿ ಇದಕ್ಕೆ ಕನಿಷ್ಠ 4,200 ಗಂಟೆ ಪಾಠ ಕೇಳುತ್ತದೆ, ಅದರಲ್ಲಿ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿರಬೇಕು. ವಾರಾಂತ್ಯದ ಕಾರ್ಯಾಗಾರ ಮುಗಿಸಿ ‘ಸರ್ಟಿಫೈಡ್’ ಅಂತ ಬೋರ್ಡು ಬರೆಸುವುದನ್ನು ಇದರ ಪಕ್ಕ ಇಟ್ಟು ನೋಡಿ. ಬ್ರಿಟನ್ 1994ರಲ್ಲೇ ಕಾಯ್ದೆ ಮಾಡಿ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ ರಚಿಸಿತು. ಅಲ್ಲಿ ಆ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸದೆ ಕೈರೋಪ್ರಾಕ್ಟರ್ ಅಂತ ಹೇಳಿಕೊಂಡರೆ ಅಪರಾಧ. ವರ್ಷಕ್ಕೆ 30 ಗಂಟೆ ಕಲಿಕೆ ಮತ್ತು ವಿಮೆ ಕಡ್ಡಾಯ. ತಪ್ಪು ಸಾಬೀತಾದರೆ ಛೀಮಾರಿ, ಷರತ್ತು, ಅಮಾನತು, ಕೊನೆಗೆ ಹೆಸರು ತೆಗೆದುಹಾಕುವುದು. ಮಕ್ಕಳ ಹೊಟ್ಟೆನೋವು, ಅಸ್ತಮಾಕ್ಕೂ ಇದು ಮದ್ದು ಅನ್ನುವ ಪ್ರಚಾರವನ್ನು 2008ರಲ್ಲಿ ವಿಜ್ಞಾನ ಲೇಖಕ ಸೈಮನ್ ಸಿಂಗ್ ಪ್ರಶ್ನಿಸಿದಾಗ ಅಲ್ಲಿನ ಕೈರೋಪ್ರಾಕ್ಟರ್‌ಗಳ ಸಂಘ ಮಾನನಷ್ಟದ ದಾವೆ ಹೂಡಿ, 2010ರಲ್ಲಿ ತಾನೇ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಜನ ಕೌನ್ಸಿಲ್‌ಗೆ ನೂರಾರು ದೂರು ಕೊಟ್ಟಿದ್ದರು. ದೂರು ಕೊಡಲು ಅವರಿಗೆ ಒಂದು ಬಾಗಿಲಿತ್ತು.

ನಮ್ಮಲ್ಲಿ ಕೈರೋಪ್ರಾಕ್ಟರ್‌ಗಳಿಗೆ ಅಂಥ ಕೌನ್ಸಿಲ್ ಇಲ್ಲ. ಫಿಸಿಯೋಥೆರಪಿಯನ್ನು ವೈದ್ಯಪೂರಕ ವೃತ್ತಿಗಳ 2021ರ ರಾಷ್ಟ್ರೀಯ ಕಾಯ್ದೆಯೊಳಗೆ ತಂದಿದ್ದಾರೆ. ಕೈರೋಪ್ರಾಕ್ಟಿಕ್‌ಗೂ ಅದೇ ರೀತಿ ನೋಂದಣಿ, ಓದಿನ ಮಟ್ಟ, ಶಿಸ್ತು ಸಮಿತಿ ಬೇಕು. ಅದಕ್ಕೆ ದೆಹಲಿ ಮನಸ್ಸು ಮಾಡುವವರೆಗೆ ಜಿಲ್ಲೆ ಸುಮ್ಮನೆ ಕೂರಬೇಕಾಗಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದ್ದೇ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಲಾಡ್ಜ್ ರೂಮಿನಲ್ಲೋ ಕಲ್ಯಾಣ ಮಂಟಪದಲ್ಲೋ ಎರಡು ದಿನದ ಶಿಬಿರ ನಡೆಸಿ ಹೋಗುವವರನ್ನು ಮೊದಲು ತಡೆಯಲಿ. ನಾಳೆ ಕೈ ಜೋಮು ಹಿಡಿದರೆ ರೋಗಿ ಯಾರನ್ನು ಹುಡುಕಬೇಕು? ಕತ್ತು ಝಾಡಿಸುವ ಮುಂಚೆ ಅಪಾಯವನ್ನೂ ಬೇರೆ ದಾರಿಯನ್ನೂ ತಿಳಿಸುವ ಕನ್ನಡದ ಒಪ್ಪಿಗೆ ಪತ್ರ ಕಡ್ಡಾಯವಾಗಲಿ. ಮೇಜಿನ ಮೇಲೆ ಮಲಗಿದ ಮೇಲೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆಯೇ ಅಲ್ಲ. ವಿಡಿಯೋಗೆ ಬೇರೆಯೇ ಒಪ್ಪಿಗೆ ಇರಲಿ, ಹೆಣ್ಮಕ್ಕಳು ಬಂದರೆ ಕೋಣೆಯಲ್ಲಿ ಇನ್ನೊಬ್ಬ ಮಹಿಳೆ ಇರಲಿ. 24 ಸಿಟ್ಟಿಂಗ್‌ಗೆ ಮುಂಗಡ ದುಡ್ಡು ಕಟ್ಟಿಸಿಕೊಳ್ಳುವುದು ನಿಲ್ಲಲಿ. ನಾಲ್ಕಾರು ಭೇಟಿಯಲ್ಲಿ ಗುಣ ಕಾಣದಿದ್ದರೆ ರೋಗವೇ ಬೇರೆ ಇರಬಹುದು, ಮುಂಗಡ ತಗೊಂಡವರಿಗೆ ಅದನ್ನು ಹೇಳಲು ಬಾಯಿ ಬರುವುದಿಲ್ಲ. ಹಸುಗೂಸುಗಳ ಬೆನ್ನನ್ನಂತೂ ಯಾರೂ ಝಾಡಿಸಬಾರದು. ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿ 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಮಾಡದಂತೆ ತನ್ನಲ್ಲಿ ನೋಂದಾಯಿಸಿಕೊಂಡವರಿಗೇ ಹೇಳಿತು.

ಹೋಗಲೇಬೇಕು ಅನ್ನುವವರು ಗೋಡೆ ಮೇಲೆ ಕೆಪಿಎಂಇ ನೋಂದಣಿ ಸಂಖ್ಯೆ ಇದೆಯಾ ನೋಡಿ, ಓದಿದ್ದು ಏನು, ಎಷ್ಟು ವರ್ಷ ಅಂತ ಕೇಳಿ. ‘ಕತ್ತು ಝಾಡಿಸಬೇಡಿ’ ಅನ್ನುವ ಹಕ್ಕು ನಿಮಗಿದೆ. ಏನು ಮಾಡಿದರು ಅಂತ ಬರೆದ ಚೀಟಿ ಮತ್ತು ಬಿಲ್ಲು ಪಡೆದೇ ಹೊರಡಿ. ತೊಂದರೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಅದಕ್ಕೆ ಶುಲ್ಕವಿಲ್ಲ. ಆದರೆ ಅಲ್ಲಿ ಮೊದಲು ಕೇಳುವುದು ಆ ಬಿಲ್ಲನ್ನೇ.