ಪಂಪ್ ತೊಳೆಯೋಕೆ ಹೊಂಡವೇ ಬೇಕಾ?

ಈಗಷ್ಟೇ ಶಿಗ್ಗಾವಿ ಕಡೆಯಿಂದ ಬಂದು ಕೂತಿದ್ದೇನೆ, ತಲೆ ಬಿಸಿಯಾಗಿದೆ. ರಸ್ತೆ ಪಕ್ಕದ ಹೊಲ, ಗೋವಿನಜೋಳ ಬಿತ್ತಿ ಎರಡು ದಿನ ಆಗಿರಬೇಕು. ಕಸ ಹುಟ್ಟದಂತೆ ಹೊಡೆಯುವ ಅಟ್ರಾಜಿನ್ ಪುಡಿಯನ್ನು ಹೊಡೆದು ಮುಗಿಸಿದವರು ಸೀದಾ ಕೃಷಿಹೊಂಡಕ್ಕೆ ಇಳಿದರು. ಔಷಧಿ ಹೊಡೆಯುವ ಪಂಪಿನ ಮುಚ್ಚಳ ಬಿಚ್ಚಿ, ಹೊಂಡದ ನೀರನ್ನೇ ತುಂಬಿ ಕುಲುಕಿ, ಹೊಂಡಕ್ಕೇ ಸುರಿದರು. ಎರಡು ಸಲ. "ಯಜಮಾನ್ರ, ಹೊಂಡದಾಗ ಬ್ಯಾಡ್ರಿ" ಅಂದರೆ, "ಏನೂ ಆಗಂಗಿಲ್ಲ ಬಿಡ್ರಿ ಸರ, ಹೊಂಡ ಎಷ್ಟ ದೊಡ್ಡದೈತಿ ನೋಡ್ರಿ" ಅಂದರು.

ಅವರೊಬ್ಬರ ಮೇಲೆ ಸಿಟ್ಟಿಲ್ಲ. ಹಾನಗಲ್ಲಿನಿಂದ ಕುಂದಗೋಳದ ತನಕ ಎಲ್ಲಿ ಕೇಳಿದರೂ ಇದೇ ಮಾತು. ಪುಡಿ ಮಾರುವ ಅಂಗಡಿಯವರು ಎಕರೆಗೆ ಎಷ್ಟು ಹಾಕಬೇಕು ಅಂತ ಹೇಳುತ್ತಾರೆ, ಪಂಪ್ ಎಲ್ಲಿ ತೊಳೆಯಬೇಕು ಅಂತ ಹೇಳುವುದಿಲ್ಲ. ನನ್ನ ಸಿಟ್ಟು ಅದರ ಮೇಲೆ. ಹೊಂಡ ದೊಡ್ಡದು ಅನ್ನುವವರಿಗಾಗಿ ಇಲ್ಲೇ ಲೆಕ್ಕ ಹಾಕುತ್ತೇನೆ, ನೀವೂ ಹಾಕಿ ನೋಡಿ.

ಶೇ. 50ರ ಅಟ್ರಾಜಿನ್ ಪುಡಿ ಎಕರೆಗೆ 500 ಗ್ರಾಂ, ನೀರು 200 ಲೀಟರ್ ಅಂತಿಟ್ಟುಕೊಳ್ಳಿ. ಅಂದರೆ 16 ಲೀಟರಿನ ಪಂಪಿಗೆ 40 ಗ್ರಾಂ ಪುಡಿ, ಅದರಲ್ಲಿ ಅಸಲು ವಿಷ 20 ಗ್ರಾಂ. ಲೀಟರಿಗೆ ಒಂದೂಕಾಲು ಗ್ರಾಂ. ಪಂಪು ಗಾಳಿ ಎಳೆಯಲು ಶುರು ಮಾಡಿದಾಗಲೂ ತಳದಲ್ಲಿ, ಪೈಪಿನಲ್ಲಿ ಸೇರಿ ಕಾಲು ಲೀಟರ್ ಉಳಿಯುತ್ತದೆ. ಅದರಲ್ಲಿರುವ ವಿಷ ಸುಮಾರು 0.3 ಗ್ರಾಂ, ಒಂದು ಚಿಟಿಕೆ. ಮೊದಲ ಮಳೆಗೆ ಹೊಂಡದಲ್ಲಿ ಒಂದು ಲಕ್ಷ ಲೀಟರ್ ನೀರು ನಿಂತಿದೆ ಅನ್ನಿ. ಆ ಚಿಟಿಕೆ ಅಷ್ಟೂ ನೀರಿಗೆ ಸಮನಾಗಿ ಬೆರೆತರೆ ಲೀಟರಿಗೆ 3 ಮೈಕ್ರೋಗ್ರಾಂ (ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಬ್ಯೂರೋ ಇಟ್ಟಿರುವ ಮಿತಿ 2 ಮೈಕ್ರೋಗ್ರಾಂ. ಒಂದೇ ಪಂಪು, ಒಂದೇ ಸಲ ತೊಳೆದದ್ದು, ಒಂದು ಲಕ್ಷ ಲೀಟರ್ ನೀರು ಮಿತಿ ದಾಟಿತು. ದನ ಕುಡಿಯುವುದೂ ಅದೇ ನೀರು.

ನಿಜದಲ್ಲಿ ಇದು ಇನ್ನೂ ಕೆಟ್ಟದಾಗಿರುತ್ತದೆ. ಅಟ್ರಾಜಿನ್ ಪುಡಿ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ, ತೇಲಿಕೊಂಡಿರುತ್ತದೆ. ಪಂಪು ಕುಲುಕದೆ ಇಳಿಸಿಟ್ಟರೆ ನಿಧಾನಕ್ಕೆ ತಳಕ್ಕೆ ಕೂರುತ್ತದೆ. ಪುಡಿಯನ್ನು ಬಕೆಟ್‌ನಲ್ಲಿ ಕಲಸದೆ ನೇರ ಪಂಪಿಗೆ ಸುರಿದಿದ್ದರಂತೂ ಗಂಟು ಗಂಟಾಗಿ ಫಿಲ್ಟರಿಗೆ ಅಂಟಿರುತ್ತದೆ. ಹಾಗಾಗಿ ಕೊನೆಯ ಕಾಲು ಲೀಟರೇ ಎಲ್ಲಕ್ಕಿಂತ ಗಟ್ಟಿ. ಫಿಲ್ಟರ್ ಬಿಚ್ಚಿ ಆ ಗಂಟನ್ನು ಹೊಂಡದಲ್ಲಿ ಜಾಡಿಸುವುದನ್ನೂ ಇವತ್ತು ನೋಡಿದ್ದಾಯಿತು. ಅದು ಲಕ್ಷ ಲೀಟರಿಗೆ ಕೂಡಲೇ ಬೆರೆಯುವುದೂ ಇಲ್ಲ. ದಂಡೆಯ ಗೇಣುದ್ದ ನೀರಿನಲ್ಲೇ ನಿಲ್ಲುತ್ತದೆ.

ಆ ಗೇಣುದ್ದ ನೀರಿನಲ್ಲೇ ಕಪ್ಪೆ ಮೊಟ್ಟೆ ಇಡುವುದು.

ಇದು ತಲೆಗೆ ಹೋಗಬೇಕು. ಬಿತ್ತಿದ ಮೂರು ದಿನದೊಳಗೆ, ಕಸ ಹುಟ್ಟುವ ಮೊದಲು, ನೆಲ ಹಸಿ ಇರುವಾಗ ಅಟ್ರಾಜಿನ್ ಹೊಡೆಯಬೇಕು. ನೆಲ ಹಸಿಯಾಗುವುದು ಮುಂಗಾರಿನ ಮೊದಲ ದೊಡ್ಡ ಮಳೆಗೆ. ನೆಲದೊಳಗೆ ಮಲಗಿದ್ದ ಕಪ್ಪೆಗಳೆಲ್ಲ ಎದ್ದು ಬರುವುದೂ ಅದೇ ಮಳೆಗೆ. ನಮ್ಮ ಕಡೆಯ ದೊಡ್ಡ ಗೂಳಿಗಪ್ಪೆಯ ಗಂಡು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುವುದು ಆಗಲೇ. ನೆಲಗಪ್ಪೆ ಕರಿಮಣಿ ಸರದಂಥ ಮೊಟ್ಟೆಸಾಲನ್ನು ನೀರಿನ ಹುಲ್ಲಿಗೆ ಸುತ್ತುವುದೂ ಸಾಮಾನ್ಯವಾಗಿ ಅದೇ ದಿನಗಳಲ್ಲಿ. ಆ ಮೊಟ್ಟೆಗೆ ಚಿಪ್ಪಿಲ್ಲ, ಬರೀ ಲೋಳೆ. ನೀರಿನಲ್ಲಿ ಇರುವುದು ಒಳಗೆ ಹೋಗುತ್ತದೆ. ಒಂದೆರಡು ದಿನಕ್ಕೆ ಮೊಟ್ಟೆ ಒಡೆದು ಬರುವ ಗೊದಮೊಟ್ಟೆ ನಾಲ್ಕೈದು ವಾರ ಕಿವಿರು, ಚರ್ಮ ಎರಡರಿಂದಲೂ ಅದೇ ನೀರನ್ನು ಉಸಿರಾಡುತ್ತದೆ. ಅದಕ್ಕೆ ಎದ್ದು ಬೇರೆ ಹೊಂಡಕ್ಕೆ ಹೋಗಲು ಕಾಲಿಲ್ಲ. ಅಟ್ರಾಜಿನ್ ಅಷ್ಟು ದಿನದಲ್ಲಿ ನೀರಿನಿಂದ ಕಳೆದು ಹೋಗುವ ವಸ್ತುವೂ ಅಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟೈರೋನ್ ಹೇಯ್ಸ್ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಫ್ರಿಕಾದ ಉಗುರುಗಪ್ಪೆಯ ಗಂಡುಮರಿಗಳನ್ನು ಲೀಟರಿಗೆ 2.5 ಮೈಕ್ರೋಗ್ರಾಂ ಅಟ್ರಾಜಿನ್ ಇದ್ದ ನೀರಿನಲ್ಲಿ ಬೆಳೆಸಿದರು. ನೂರಕ್ಕೆ ಹತ್ತರಷ್ಟು ಗಂಡುಗಳು ಹೆಣ್ಣಾಗಿ ತಿರುಗಿ ಮೊಟ್ಟೆಯನ್ನೇ ಇಟ್ಟವು. ಮೇಲಿನ ಹೊಂಡದ ಲೆಕ್ಕ 3 ಬಂದಿತ್ತು, ನೆನಪಿರಲಿ. ಅಟ್ರಾಜಿನ್ ತಯಾರಿಸುವ ಕಂಪನಿಯ ದುಡ್ಡಿನಲ್ಲಿ ನಡೆದ ಅಧ್ಯಯನಗಳಲ್ಲಿ ಹಾಗೇನೂ ಕಾಣಲಿಲ್ಲ ಅಂತ ವಾದ ಇದೆ, ಗೊತ್ತು. ಅದು ಬೇರೆ ದೇಶದ ಕಪ್ಪೆ ಅನ್ನುವವರೂ ಇದ್ದಾರೆ. ಆಗಲಿ, ಕಪ್ಪೆಯನ್ನು ಪಕ್ಕಕ್ಕಿಡಿ. ಯುರೋಪಿನವರು ಅಟ್ರಾಜಿನ್ ಅನುಮತಿಯನ್ನು 2004ರಲ್ಲಿ ವಾಪಸ್ ಪಡೆದದ್ದು ಅಂತರ್ಜಲಕ್ಕೆ ಇಳಿಯುತ್ತಿದೆ ಅನ್ನುವ ಕಾರಣಕ್ಕೆ. ಆ ವಾದ ಯಾರು ಗೆದ್ದರೂ ಹೊಂಡದಲ್ಲಿ ಪಂಪ್ ತೊಳೆಯುವುದು ಸರಿಯಾಗುವುದಿಲ್ಲ.

ಇನ್ನು ನಮ್ಮ ನೆಲದ ಮಾತೇ ಬೇಕೆಂದರೆ ಧಾರವಾಡಕ್ಕೇ ಬನ್ನಿ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್. ಕೆ. ಸೈದಾಪುರ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಇವೇ ನೆಲಗಪ್ಪೆ, ಗೂಳಿಗಪ್ಪೆಗಳ ಮೇಲೆ ಕೆಲಸ ಮಾಡಿದ್ದಾರೆ. ನೆಲಗಪ್ಪೆಯ ಗೊದಮೊಟ್ಟೆ ತನ್ನ ಒಡಹುಟ್ಟಿದವರನ್ನು ಗುರುತು ಹಿಡಿದು ಅವುಗಳ ಜೊತೆ ಗುಂಪು ಸೇರುತ್ತದೆ ಅಂತ ತೋರಿಸಿಕೊಟ್ಟವರು ಅವರು. ಗುರುತು ಸಿಗುವುದು ನೀರಿನಲ್ಲಿ ಬೆರೆತ ವಾಸನೆಯಿಂದ. ಅಷ್ಟು ಸೂಕ್ಷ್ಮವಾಗಿ ನೀರನ್ನು ಓದುವ ಜೀವದ ಮೇಲೆ ಪಂಪಿನ ತಳ ಸುರಿಯುತ್ತಿದ್ದೇವೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

"ಇಡೀ ಹೊಲಕ್ಕ ಕಾಲು ಕಿಲೋ ವಿಷ ಹೊಡದೇವಿ, ಪಂಪ್ ತೊಳದ ನೀರು ಯಾವ ಲೆಕ್ಕ?" ಅಂತ ಕೇಳುವವರಿದ್ದಾರೆ. ಹೊಲದಲ್ಲಿ ಬಿದ್ದದ್ದನ್ನು ಮಣ್ಣು ಹಿಡಿದುಕೊಳ್ಳುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ಒಡೆಯುತ್ತವೆ. ನೇರ ನೀರಿಗೆ ಬಿದ್ದದ್ದನ್ನು ಹಿಡಿಯುವವರು ಯಾರೂ ಇಲ್ಲ. ಜೋರು ಮಳೆ ಬಂದರೆ ಹೊಲದಿಂದಲೂ ಹರಿದು ಬರುತ್ತದೆ, ನಿಜ. ಮೋಡ ಕಟ್ಟಿರುವ ದಿನ ಹೊಡೆಯಬೇಡಿ ಅನ್ನುವುದು ಅದಕ್ಕೇ. ಕಸ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಹೊಂದುವುದಿಲ್ಲ, ಅದೂ ಗೊತ್ತು. ಕಸದ ಔಷಧಿ ಹೊಡೆಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ತೊಳೆಯುವ ಜಾಗ ಬದಲಿಸಿ ಅಂತಿದ್ದೇನೆ.

ಕೆಲಸ ಹತ್ತು ನಿಮಿಷದ್ದು. ಹೊಡೆಯಲು ಹೋಗುವಾಗಲೇ ಹತ್ತು ಲೀಟರಿನ ಕ್ಯಾನಿನಲ್ಲಿ ಬರೀ ನೀರು ಒಯ್ದು ಬದುವಿನ ಮೇಲಿಡಿ. ಹೊಲದ ಮೂಲೆಯಲ್ಲಿ, ನೀರಿನಿಂದ ದೂರದ ಬದಿಗೆ, ನಾಲ್ಕು ಸಾಲು ಹೊಡೆಯದೆ ಬಿಡಿ. ಪಂಪು ಖಾಲಿಯಾದ ಮೇಲೆ ಎರಡೂಕಾಲು ಲೀಟರ್ ನೀರು ಹಾಕಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಕುಲುಕಿ, ಆ ಸಾಲುಗಳ ಮೇಲೆ ಹೊಡೆಯಿರಿ. ಹೀಗೆ ಮೂರು ಸಲ. ಯಾಕೆ ಮೂರು? ಉಳಿದ ಕಾಲು ಲೀಟರಿಗೆ ಎರಡೂಕಾಲು ಸೇರಿದರೆ ಹತ್ತರಲ್ಲಿ ಒಂದು ಪಾಲು. ಎರಡನೇ ಸಲಕ್ಕೆ ನೂರರಲ್ಲಿ ಒಂದು, ಮೂರನೆಯದಕ್ಕೆ ಸಾವಿರದಲ್ಲಿ ಒಂದು. ಅದೇ ಹತ್ತು ಲೀಟರನ್ನು ಒಂದೇ ಸಲ ಹಾಕಿದರೆ ಸುಮಾರು ನಲವತ್ತರಲ್ಲಿ ಒಂದು ಪಾಲು ಉಳಿದೇ ಉಳಿಯುತ್ತದೆ. ನಾಜಲ್ಲು, ಫಿಲ್ಟರು ಉಳಿದ ನೀರಿನಲ್ಲಿ ಅಲ್ಲೇ ಹೊಲದಲ್ಲಿ ತೊಳೆಯಿರಿ. ತುಂಬುವಾಗಲೂ ಪಂಪನ್ನು ಹೊಂಡದಲ್ಲಿ ಅದ್ದಬೇಡಿ. ಕೊಡದಲ್ಲಿ ನೀರು ಸೇದಿ ತಂದು ಮೇಲೆ ಕಲಸಿ. ಪುಡಿಯನ್ನು ಮೊದಲು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಅಂಬಲಿಯಂತೆ ಕಲಸಿಕೊಂಡು, ಅರ್ಧ ನೀರು ತುಂಬಿದ ಪಂಪಿಗೆ ಸೋಸಿ ಹಾಕಿದರೆ ಗಂಟೂ ಆಗುವುದಿಲ್ಲ, ನಾಜಲ್ಲೂ ಕಟ್ಟುವುದಿಲ್ಲ.

ಇವತ್ತಿನ ಹೊಂಡ ಕರಿಮಣ್ಣಿನದು, ಪ್ಲಾಸ್ಟಿಕ್ ಹಾಸಿರಲಿಲ್ಲ, ದಂಡೆಯಲ್ಲಿ ಹುಲ್ಲಿತ್ತು. ಪಂಪು ಜಾಡಿಸಿದ ಜಾಗದಿಂದ ಎರಡು ಮೊಳ ಆಚೆ ಆ ಹುಲ್ಲಿಗೆ ಮೊಟ್ಟೆಸಾಲು ಸುತ್ತಿತ್ತು. ಕರಿ ಮಣಿಗಳು ಇನ್ನೂ ದುಂಡಗೇ ಇದ್ದವು, ಬಾಲ ಮೂಡಿರಲಿಲ್ಲ. ಸುತ್ತ ನೀರು ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು.